ಐದು ವಾಯಿದೆ

ಜನವರಿ ೧೧, ೧೯೮೨

ಸೊಸೈಟಿಯ ಮಹಾಸಭೆ ನೋಟೀಸು ಮುಗಿಯಿತು. ಮದುವೆ ಕಾಗದ ಎರಡು ಬಾಕಿ. ಟ್ರೆಡಲ್ ಅಚ್ಚಿನ ಯಂತ್ರ ಮತ್ತೆ ಕಿರ್ ಎನ್ನುತ್ತಿದೆ, ಎಣ್ಣೆ ಬಿಟ್ಟೆ.

ಮಧ್ಯಾಹ್ನ ಒಬ್ಬ ಬಂದಿದ್ದ. ಹೆಸರು ಮಾರಪ್ಪ. ತೀರ್ಥಹಳ್ಳಿ ಕಡೆಯ ಏಜೆಂಟಂತೆ. ಹಂಸಧ್ವಜ ಬಾಮ್‌ನ ಲೇಬಲ್ ತೆಗೆದು ಮೇಜಿನ ಮೇಲಿಟ್ಟ. ಹಂಸದ ಚಿತ್ರದ ಬ್ಲಾಕು ಅವನೇ ತಂದಿದ್ದ. ಅಕ್ಷರ ಜೋಡಿಸಿ ಅಚ್ಚು ಹಾಕಬೇಕು. ಹಸಿರು, ಹಳದಿ, ಕಪ್ಪು — ಮೂರು ಬಣ್ಣ.

"ಶಿವಮೊಗ್ಗದಲ್ಲಿ ಇಬ್ಬರ ಹತ್ರ ಮಾಡಿಸ್ದೆ. ಕಂಪನಿ ಲೇಬಲ್ ಪಕ್ಕ ಇಟ್ರೆ ಅದರ ಅಜ್ಜಿ ಥರ ಕಾಣ್ತದೆ. ಸಾಗರದ ವಾಸಪ್ಪನ ಕೈಲಾದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ ಅಂದ್ರು."

ಕಂಪನಿಯ ಅನುಮತಿ ಕಾಗದ ಇದೆಯಾ ಅಂತ ಕೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಲೇಬಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಹಸಿರನ್ನೇ ನೋಡುತ್ತ ಕೂತುಬಿಟ್ಟೆ.

ಮಾಡಿಕೊಡ್ತೀನಿ ಅಂದೆ.

ಜನವರಿ ೧೬

ನಾಲ್ಕು ದಿನ ಸತಾಯಿಸಿತು ಆ ಹಸಿರು. ಡಬ್ಬಿಯ ಇಂಕನ್ನು ಹಾಗೇ ಹಾಕಿದರೆ ಗಿಳಿ ಬಣ್ಣ. ಬೇಕಾದ್ದು ಕೆಸುವಿನೆಲೆಯ ಹಿಂಬದಿಯ ಬಣ್ಣ. ಇವತ್ತು ಚಿಟಿಕೆ ಕಪ್ಪು, ಸ್ವಲ್ಪ ಬಿಳಿ ಹಾಕಿ ಕಲ್ಲಿನ ಮೇಲೆ ಅರೆದೆ. ಬಂತು!

ಅಕ್ಷರವೂ ಸಿಕ್ಕಿತು. ಕಂಪನಿಯವರದ್ದು ಹಳೇ ಮಾದರಿಯ ಅಚ್ಚಿನ ಮೊಳೆ, ಅಕ್ಷರದ ಹೊಟ್ಟೆ ದಪ್ಪ, ತಲೆಕಟ್ಟು ಸಣ್ಣದು. ನನ್ನ ಹೊಸ ಮೊಳೆಗಳಲ್ಲಿ ಅದಿಲ್ಲ. ಮೊಳೆ ಇಡುವ ಮರದ ಕೇಸುಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಎಳೆದೆ. ಮುಕುಂದಯ್ಯನವರು ಕೊಟ್ಟದ್ದು. ಹೊಸನಗರದ ಅವರ ಪ್ರೆಸ್ಸಿನಲ್ಲಿ ಒಂಬತ್ತು ವರ್ಷ ಇದ್ದೆ. ೬೮ರಲ್ಲಿ ಸಾಗರಕ್ಕೆ ಹೊರಟಾಗ ತಮ್ಮ ಮೊಳೆಗಳಲ್ಲೇ ಅರ್ಧ ಪಾಲು ಮಾಡಿ ಗೋಣಿಯಲ್ಲಿ ಕಟ್ಟಿಕೊಟ್ಟರು. ಗೇಣಿ ಒಕ್ಕಲು ಬೆಳ್ಳಪ್ಪನ ಮಗನಾದ ನನಗೆ ಅಕ್ಷರವನ್ನು ಉಲ್ಟಾ ಓದಲು ಕಲಿಸಿದವರು. "ನೆಟ್ಟಗೆ ಓದೋದು ಊರಿಗೆಲ್ಲ ಬರ್ತದೆ ಮಾರಾಯ. ಉಲ್ಟಾ ಓದೋನಿಗೇ ಅನ್ನ" ಅನ್ನುತ್ತಿದ್ದರು.

ಆ ಮೊಳೆಗಳಲ್ಲಿ 'ಜ'ಗೆ ಹೊಟ್ಟೆಯಲ್ಲೊಂದು ಸಣ್ಣ ಗೀರು. ಎರಕದಲ್ಲೇ ಬಂದ ದೋಷ, ಅಷ್ಟೂ 'ಜ'ಗಳಲ್ಲಿದೆ. ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಜನವರಿ ೨೩

ಐದು ಸಾವಿರ ಲೇಬಲ್ ಕೊಟ್ಟು ಕಳಿಸಿದೆ. ಅವನ ಲೇಬಲ್ ಒಂದು, ನನ್ನದೊಂದು ಮೇಜಿನ ಮೇಲಿಟ್ಟು "ಯಾವುದು ಯಾವುದು ಹೇಳಿ" ಅಂದೆ. ಮಾರಪ್ಪ ತಪ್ಪು ಹೇಳಿದ. ಮತ್ತೆ ಕೇಳಿದೆ. ಮತ್ತೆ ತಪ್ಪು ಹೇಳಿದ. ಬ್ಲಾಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಊಟಕ್ಕೆ ಕೂತಾಗ ಹೆಂಡತಿ ದುಗ್ಗಮ್ಮ ಕೇಳಿದಳು: "ಎಂತಾ ಇವತ್ತು, ಒಬ್ರೇ ನಗಾಡ್ತಿದೀರಿ?"

ಬಹಳ ವರ್ಷದ ಮೇಲೆ ಕೈಗೆ ತಕ್ಕ ಕೆಲಸ ಸಿಕ್ಕಿತ್ತು. ಅಷ್ಟೇ.

ಮಾರ್ಚ್ ೧೮

ವರ್ತಕರ ಸಂಘದ ತುರ್ತು ಸಭೆ. ಅಧ್ಯಕ್ಷರು ಪುಟ್ಟಪ್ಪನವರು, ಜವಳಿ ಅಂಗಡಿಯವರು. ವೇದಿಕೆಯ ಮೇಲೆ ಇನ್ನಿಬ್ಬರು: ಸಬ್ ಇನ್ಸ್‌ಪೆಕ್ಟರ್ ಜಟ್ಟಿಂಗಪ್ಪ, ಮತ್ತೆ ಹುಬ್ಬಳ್ಳಿಯಿಂದ ಬಂದ ಗಜಾನನ ಕಾಮತ್. ಕಾಮತರು ಹಂಸಧ್ವಜ ಕಂಪನಿಯ ಆಫೀಸರು.

ಹೆಸರು ಕೇಳಿದ್ದೇ ಹಿಂದಿನ ಸಾಲಿಗೆ ಸರಿದು ಕೂತೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಲ್ಲಿ ನಕಲಿ ಹಂಸಧ್ವಜ ಹರಿದಾಡುತ್ತಿದೆಯಂತೆ. ಮೇಣಕ್ಕೆ ಯಾವುದೋ ಸುಡುವ ಎಣ್ಣೆ ಬೆರೆಸಿದ್ದು. ಒಂದು ಫೋಟೋ ಕೈಯಿಂದ ಕೈಗೆ ದಾಟಿಸಿದರು. ಆನಂದಪುರದ ಕಡೆಯ ಹೆಂಗಸು, ಹುಲಿಗೆಮ್ಮ. ತಲೆನೋವಿಗೆ ಹಚ್ಚಿಕೊಂಡಿದ್ದಾಳೆ. ಹಣೆಯ ಚರ್ಮ ಎದ್ದು ಬಲಗಣ್ಣಿನ ರೆಪ್ಪೆ ಸುಟ್ಟಿದೆ.

ಕಾಮತರು ಹೇಳಿದರು: "ನೋಡ್ರಿ, ಅಸಲಿ ಯಾವುದು ನಕಲಿ ಯಾವುದು ಪೊಲೀಸರಿಗೆ ಗೊತ್ತಾಗಂಗಿಲ್ಲ. ಗೊತ್ತಿದ್ದ ವ್ಯಾಪಾರಸ್ಥರಿಗೆ ಕಳ್ಳನ್ನ ಹಿಡಿಯೂ ಅಧಿಕಾರ ಇಲ್ಲ. ಇಬ್ಬರೂ ಕೈ ಕೂಡಿಸಿದ್ರ ಮಾತ್ರ ಇದು ನಿಲ್ತದ."

ಅಸಲಿ ಒಂದು, ನಕಲಿ ಒಂದು, ಎರಡು ಬಾಟಲಿ ಸಭೆಯಲ್ಲಿ ಸುತ್ತು ಹಾಕಿದವು. ಪುಟ್ಟಪ್ಪನವರು ತಿರುಗಿಸಿ ಮುರುಗಿಸಿ ನೋಡಿ, "ಲೇಬಲ್ ನೋಡಿದ್ರೆ ಬ್ರಹ್ಮಂಗೂ ಗೊತ್ತಾಗಕ್ಕಿಲ್ಲ ಬಿಡಿ" ಅಂದರು.

ಒಳಗೆ ಏನೋ ಅರಳಿತು. ಫೋಟೋ ಆಗ ಪಕ್ಕದವರ ಕೈಯಲ್ಲೇ ಇತ್ತು, ಆ ಕಣ್ಣು ನನಗೆ ಕಾಣುತ್ತಿತ್ತು. ಆದರೂ ಅರಳಿತು. ಇಲ್ಲಿ ಬರೆಯದೆ ಮತ್ತೆಲ್ಲಿ ಬರೆಯಲಿ ಇದನ್ನು.

ಅಷ್ಟರಲ್ಲಿ ಪುಟ್ಟಪ್ಪನವರ ದನಿ: "ಅಚ್ಚಿನ ವಿಷ್ಯ ಆದ್ರೆ ನಮ್ಮ ವಾಸಪ್ಪ ಇದಾರಲ್ಲ. ಅವರನ್ನ ಕೇಳಿ."

ಎಲ್ಲ ತಲೆ ನನ್ನ ಕಡೆ ತಿರುಗಿದವು. ಎದ್ದು ಕೈ ಮುಗಿದೆ.

ಮಾರ್ಚ್ ೨೦

ಹತ್ತು ಗಂಟೆಗೆ ಜಟ್ಟಿಂಗಪ್ಪ, ಕಾಮತರು ಇಬ್ಬರೂ ಪ್ರೆಸ್ಸಿಗೇ ಬಂದರು. ದುಗ್ಗಮ್ಮ ಕಾಫಿ ತಂದಿಟ್ಟಳು. ಕಾಮತರು ಭೂತಗನ್ನಡಿ ತೆಗೆದರು. ನನ್ನ ಮೇಜಿನ ಮೇಲೆ ನನ್ನ ಲೇಬಲ್!

ಗೀರು ಹಿಡಿದದ್ದು ಕಾಮತರೇ. "ಈ ಜ ನೋಡ್ರಿ ವಾಸಪ್ಪನವರ. ಹೊಟ್ಟಿಯೊಳಗ ಏನೋ ಗೀರಿದಂಗ ಐತಿ. ನಮ್ಮ ಅಸಲಿಯೊಳಗ ಇಲ್ಲ."

ಜಟ್ಟಿಂಗಪ್ಪ ಕೈಚೀಲ ಮಗುಚಿದರು. ಮೂರು ತಾಲೂಕಿನ ಪ್ರೆಸ್ಸುಗಳ ಮದುವೆ ಕಾಗದ, ಕರಪತ್ರ, ಬಸ್ಸಿನ ಟಿಕೆಟ್ ಪುಸ್ತಕ. ನನ್ನದೂ ಇತ್ತು ಅದರಲ್ಲಿ, ಹೊಸ ಮೊಳೆಯದ್ದು. ಒಂದು ಮದುವೆ ಕಾಗದ ಎತ್ತಿ ಮುಂದಿಟ್ಟರು. ಹೊಸನಗರದ್ದು. ಕೆಳಗೆ ಮುಕುಂದಯ್ಯನವರ ಪ್ರೆಸ್ಸಿನ ಹೆಸರು.

"ಎರಡೂ ಒಂದೇ ಮೊಳೆ ಹೌದೋ ಅಲ್ವೋ, ನೋಡಿ ಹೇಳಿ."

ಭೂತಗನ್ನಡಿ ಹಿಡಿದೆ. "ಒಂದೇ ಎರಕದ್ದು" ಅಂದೆ.

"ಇದೇ ಎರಕದ್ದು ಈ ಕಡೆ ಬೇರೆ ಯಾರ ಹತ್ರಾದ್ರೂ ಇದೆಯಾ?"

ಆ ಹಳೇ ಮೊಳೆಗಳ ಕೇಸು ನನ್ನ ಕಾಲಿನಿಂದ ಒಂದು ಮಾರು ದೂರದಲ್ಲಿತ್ತು.

"ನನಗೆ ಗೊತ್ತಿದ್ದಂಗೆ ಇಲ್ಲ ಸಾರ್."

ಬರೆದುಕೊಂಡರು. ಒಂದು ಸತ್ಯ, ಒಂದು ಸುಳ್ಳು. ಎರಡಕ್ಕೂ ಸೇರಿ ಒಂದೇ ಸಹಿ ಹಾಕಿದೆ.

ಮಾರ್ಚ್ ೨೧, ಬೆಳಿಗ್ಗೆ

ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹಳೇ ಮೊಳೆಗಳನ್ನೆಲ್ಲ ಚೀಲಕ್ಕೆ ಸುರಿದು ಗಣಪತಿ ಕೆರೆಗೆ ಹೋದೆ. ಸೀಸ ಅಲ್ಲವಾ, ಭುಜ ಹರಿಯುವಷ್ಟು ಭಾರ. ಮುಷ್ಟಿ ಮುಷ್ಟಿ ಎಸೆದೆ. ಬಟ್ಟೆ ಒಗೆಯಲು ಬಂದ ಒಬ್ಬಳು, "ಮೀನಿಗೆ ಅಕ್ಕಿ ಹಾಕ್ತೀರಾ?" ಅಂತ ಕೇಳಿದಳು. ಹೌದು ಅಂದೆ.

ಖಾಲಿ ಕೇಸು ಒಡೆದು ಬಚ್ಚಲ ಒಲೆಗೆ ಹಾಕಿದೆ.

ಮಾರ್ಚ್ ೨೪

ಬರೆಯಲು ಆಗುತ್ತಿಲ್ಲ. ಆದರೂ ಬರೆಯುತ್ತೇನೆ.

ಪೊಲೀಸ್ ಜೀಪಿನಲ್ಲಿ ಹೊಸನಗರಕ್ಕೆ ಹೋದೆವು. ತಿಳಿದವರು ಒಬ್ಬರು ಜೊತೆಗೆ ಬೇಕು ಅಂತ ನನ್ನನ್ನೂ ಕರೆದರು. ತಲೆನೋವು ಅಂತ ತಪ್ಪಿಸಿಕೊಳ್ಳಲು ನೋಡಿದೆ. ಕಾಮತರು ನಕ್ಕು, "ಬಾಮ್ ಹಚ್ಚಿಕೊಳ್ರಿ, ಅಸಲಿದು ನನ್ನ ಹತ್ರ ಐತಿ" ಅಂದರು.

ಮುಕುಂದಯ್ಯನವರು ಸ್ಟೂಲಿನ ಮೇಲೆ ಕೂತು ಪ್ರೂಫ್ ತಿದ್ದುತ್ತಿದ್ದರು. ಕೂದಲೆಲ್ಲ ಬಿಳಿ. ಕೆಲಸಗಾರರು ಯಾರೂ ಇಲ್ಲ, ಈಗ ಎಲ್ಲ ಅವರೊಬ್ಬರೇ. ಪೊಲೀಸರನ್ನು ಕಂಡು ಎದ್ದರು, ಹಿಂದೆ ನನ್ನನ್ನು ಕಂಡು ಮುಖ ಅರಳಿತು.

"ಓ, ವಾಸುನೂ ಬಂದಾನೆ! ಎಂಥದೋ ಇದು? ಇವ್ರು ಏನೇನೋ ಹೇಳ್ತಾರಲ್ಲ. ನೀನೇ ಹೇಳು ಇವರಿಗೆ."

ನಾನು ಬಾಗಿಲಲ್ಲೇ ನಿಂತೆ.

ಕೇಸುಗಳನ್ನೆಲ್ಲ ಹೊರಗೆ ಎಳೆದರು. 'ಜ' ಮೊಳೆಗಳನ್ನು ಎಣಿಸಿ ಪೊಟ್ಟಣ ಕಟ್ಟಿದರು, ಉಳಿದ ಮೊಳೆಗಳನ್ನೂ ಚೀಲಕ್ಕೆ ತುಂಬಿದರು. ಬ್ಲಾಕು ಹುಡುಕಿದರು, ಲೇಬಲ್ ಹುಡುಕಿದರು. ಸಿಗಲಿಲ್ಲ. ಒಳಗಿನಿಂದ ವರದಮ್ಮನವರು ಬಂದು ಗಂಡನ ಪಕ್ಕ ನಿಂತರು. ಜಟ್ಟಿಂಗಪ್ಪ ನಕಲಿ ಲೇಬಲ್ ಮುಕುಂದಯ್ಯನವರ ಕೈಗೆ ಕೊಟ್ಟು, "ಇದು ನಿಮ್ಮದೇ ಅಲ್ವಾ?" ಅಂದರು.

ಮುಕುಂದಯ್ಯನವರು ಕನ್ನಡಕ ಏರಿಸಿದರು. ಮೊದಲು ಅಕ್ಷರ ನೋಡಿದರು. ಆಮೇಲೆ ಹಿಂದೆ ತಿರುಗಿಸಿ ಕಾಗದದ ಮೇಲೆ ಬೆರಳಾಡಿಸಿದರು, ಮೊಳೆ ಎಷ್ಟು ಒತ್ತಿದೆ ಅಂತ. ಆಮೇಲೆ ಹಂಸದ ಹಸಿರು. ಬಹಳ ಹೊತ್ತು.

ಆಮೇಲೆ ನನ್ನನ್ನು ನೋಡಿದರು.

ಗೊತ್ತಾಯಿತು ಅವರಿಗೆ. ಗೊತ್ತಾಗದೆ ಇರುತ್ತದೆಯೇ! ಒತ್ತು ಹೇಗೆ ಕೊಡಬೇಕು, ಅಕ್ಷರದ ನಡುವೆ ಎಷ್ಟು ಜಾಗ ಬಿಡಬೇಕು ಅಂತ ನನ್ನ ಕೈ ಹಿಡಿದು ಕಲಿಸಿದ್ದೇ ಅವರು.

"ಕೆಲ್ಸ ಚೆನ್ನಾಗಿದೆ" ಅಂದರು.

"ಯಾರು ಮಾಡಿದ್ದು ಅಂತ ಕೇಳಿದ್ದು ನಾನು" ಅಂದರು ಜಟ್ಟಿಂಗಪ್ಪ.

"ನಾನಲ್ಲ. ಮಾಡಿದವ್ರು ಯಾವತ್ತಾದ್ರೂ ಹೇಳ್ತಾರೆ ಸ್ವಾಮಿ."

ನಾನು ಪಂಚನಾಮೆಗೆ ಸಹಿ ಹಾಕಿದೆ. ಮುಕುಂದಯ್ಯನವರನ್ನು ಹಿಡಿದುಕೊಂಡು ವಾಪಸ್ಸು ಬರುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಅವರು, ಮುಂದಿನ ಸೀಟಿನಲ್ಲಿ ನಾನು. ದಾರಿಯುದ್ದಕ್ಕೂ ಬೆನ್ನು ಸುಡುತ್ತಿತ್ತು. ಅವರು ಒಂದೇ ಒಂದು ಮಾತಾಡಿದ್ದು ದಾರಿಯಲ್ಲಿ ಸಿಗುವ ಬಟ್ಟೆಮಲ್ಲಪ್ಪ ಊರಿನ ಹತ್ತಿರ. ಪೊಲೀಸನನ್ನು ನೀರು ಕೇಳಿದರು.

ಮಾರ್ಚ್ ೨೫

ಸ್ಟೇಷನ್ನಿಗೆ ತಿಂಡಿ, ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋದೆ. ಲಾಕಪ್ಪಿನ ಸರಳಿನ ಆಚೆ ಮುಕುಂದಯ್ಯನವರು ಗೋಡೆಗೊರಗಿ ಕೂತಿದ್ದರು. ಕಾಫಿ ಕುಡಿದರು. ಇಡ್ಲಿ ಬೇಡ ಅಂದರು.

ಹೇಳಬೇಕು ಅಂತಲೇ ಹೋಗಿದ್ದೆ. "ಅಯ್ಯಾ..." ಅಂದೆ.

"ಇಲ್ಲಿ ಬೇಡ" ಅಂದರು. "ನನ್ನ ಹತ್ರ ಹೇಳಿ ಎಂಥ ಆಗಬೇಕು? ನಂಗೆ ಗೊತ್ತಿದೆ. ಹೇಳಬೇಕಾದ ಜಾಗದಲ್ಲಿ ಹೇಳು."

ಹೇಳಬೇಕಾದ ಜಾಗ ಹತ್ತು ಹೆಜ್ಜೆ ದೂರದಲ್ಲಿತ್ತು. ಜಟ್ಟಿಂಗಪ್ಪ ಮೇಜಿನ ಮುಂದೆ ಕೂತು ಪೇಪರ್ ಓದುತ್ತಿದ್ದರು. "ಏನ್ ವಾಸಪ್ಪನವರೇ, ಆರೋಪಿಗೂ ಉಪಚಾರ ಮಾಡ್ತೀರಾ! ದೊಡ್ಡ ಮನಸ್ಸು" ಅಂದರು. ನಕ್ಕೆ. ನಕ್ಕೆ ಅಂತ ಬರೆಯಲು ಅಸಹ್ಯವಾಗುತ್ತದೆ.

ಜಾಮೀನಿಗೆ ನಾನೇ ನಿಲ್ಲುತ್ತೇನೆ ಅಂದೆ. ಸಾಕ್ಷಿದಾರ ನಿಲ್ಲುವ ಹಾಗಿಲ್ಲವಂತೆ. ಹೊಸನಗರದಿಂದ ಕೆರಿಯಪ್ಪ ಎಂಬ ದಿನಸಿ ಅಂಗಡಿಯವರು ಬಂದು ಬಿಡಿಸಿಕೊಂಡು ಹೋದರು.

ಏಪ್ರಿಲ್ ೯

ವರದಮ್ಮನವರು ಬಂದಿದ್ದರು. ಮೊದಲ ಬಸ್ಸಿಗೇ ಹೊರಟು ಬಂದಿದ್ದಾರೆ. ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಬೇರೆ. ದುಗ್ಗಮ್ಮ ಕಾಲಿಗೆ ನೀರು ಕೊಟ್ಟಳು.

"ಮದುವೆ ಕಾಗದಕ್ಕೂ ಯಾರೂ ಬರ್ತಿಲ್ಲ ಕಣೋ ವಾಸು. ಮೊಳೆನೇ ಇಲ್ಲ, ಬಂದ್ರೂ ಎಂಥ ಮಾಡೋದು? ಇವರು ದಿನಾ ಪ್ರೆಸ್ಸು ಬಾಗಿಲು ತೆಗೆದು ಕೂತ್ಕತಾರೆ, ಸಂಜೆ ಹಾಕ್ತಾರೆ. ನಿನ್ನ ಹೆಸರು ಎತ್ತಿದ್ರೆ ಸುಮ್ಮನಾಗ್ತಾರೆ. ಸಿಟ್ಟೇನೋ ಅಂದ್ಕಂಡೆ. ಪೊಲೀಸರು ಎಳ್ಕಂಡು ಬಂದ್ರೆ ನೀನಾದ್ರೂ ಎಂಥ ಮಾಡ್ತೀಯ, ಪಾಪ. ಒಳ್ಳೇ ವಕೀಲರನ್ನ ನೋಡು ಅಷ್ಟೇ. ನಮಗೆ ನೀ ಬಿಟ್ರೆ ಸಾಗರದಲ್ಲಿ ಯಾರಿದಾರೆ?"

ಹೋಗುವಾಗ ನನ್ನ ತಲೆ ಮುಟ್ಟಿ, "ನಿಂಗೆ ಒಳ್ಳೇದಾಗ್ಲಿ" ಅಂದರು.

ಮುಕುಂದಯ್ಯನವರು ಹೆಂಡತಿಗೂ ಹೇಳಿಲ್ಲ.

ವಕೀಲರನ್ನು ಗೊತ್ತು ಮಾಡಿದೆ. ಎಷ್ಟು ಸುಲಭವಾಗಿ ಮಾಡಿದೆ. ಒಂದು ವಾಕ್ಯ ಹೇಳುವುದರ ಬದಲಿಗೆ ನೂರು ಓಡಾಟ ಮಾಡಬಲ್ಲೆ.

ಜುಲೈ ೨

ಕಾಮತರ ಕಾಗದ. ನಕಲಿ ಹಾವಳಿ ನಿಂತಿದೆಯಂತೆ. ಮಾರಪ್ಪ ಸಿಕ್ಕಿಲ್ಲ, ಅಂಥವನೊಬ್ಬ ಇದ್ದಾನೆ ಅಂತಲೂ ಅವರಿಗೆ ಗೊತ್ತಿಲ್ಲ. ಹೆದರಿ ಕೇರಳದ ಕಡೆ ಹೋಗಿರಬೇಕು.

'ತಮ್ಮಂಥ ಪ್ರಾಮಾಣಿಕ ಮುದ್ರಕರ ಸಹಕಾರದಿಂದ' ಅಂತ ಶುರುವಾಗಿ, ಮಲೆನಾಡಿನ ನಾಲ್ಕು ಜಿಲ್ಲೆಗೆ ಬೇಕಾದ ಹಂಸಧ್ವಜದ ಲೇಬಲ್ಲೆಲ್ಲ ಇನ್ನು ನಮ್ಮ ಪ್ರೆಸ್ಸಿನಲ್ಲೇ ಅಂತ ಮುಗಿದಿದೆ. ಜೊತೆಗೆ ಅನುಮತಿ ಪತ್ರ, ಸೀಲು ಸಮೇತ.

ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ.

ಒಪ್ಪಿಕೊಂಡೆ. ಹಸಿರು ಕೇಳಿದ ತಕ್ಷಣ ಬಂತು.

ಸೆಪ್ಟೆಂಬರ್ ೧೪

ಮೊದಲ ವಾಯಿದೆ. ಸಮನ್ಸು ಹಿಡಿದು ಕೋರ್ಟಿಗೆ ಹೋದೆ. ಮೂರು ಸಲ ಮನಸ್ಸಲ್ಲೇ ಹೇಳಿಕೊಂಡಿದ್ದೆ — ಸ್ವಾಮಿ, ಅಚ್ಚು ಹಾಕಿದ್ದು ನಾನು. ಕಟಕಟೆಯಲ್ಲಿ ನಿಂತರೆ ಬಾಯಿ ತಾನಾಗಿ ತೆರೆಯುತ್ತದೆ ಅಂತ ನಂಬಿದ್ದೆ.

ಜಗಲಿಯ ಬೆಂಚಿನಲ್ಲಿ ಪಕ್ಕಕ್ಕೆ ಒಬ್ಬಳು ಬಂದು ಕೂತಳು. ಬಲಗಣ್ಣು ಪೂರ್ತಿ ಮುಚ್ಚುವುದಿಲ್ಲ, ನೀರು ಸುರಿಯುತ್ತದೆ, ಸೆರಗಿಂದ ಒರೆಸಿಕೊಳ್ಳುತ್ತಾಳೆ. ಹುಲಿಗೆಮ್ಮ.

"ನೀವೂ ಸಾಕ್ಷಿನಾ ಅಣ್ಣಾ?"

"ಹೌದು."

"ಆ ಮುದುಕನೇ ಅಂತಲ್ಲ ಮಾಡಿದ್ದು. ನೋಡಿದ್ರೆ ಹಂಗೆ ಕಾಣಕ್ಕಿಲ್ಲಪ್ಪ. ಯಾರೇ ಮಾಡಿರ್ಲಿ, ನಾನು ಓದಕ್ಕೆ ಬರದೋಳು. ಹಂಸದ ಚಿತ್ರ ನೋಡೇ ತಗಂಡಿದ್ದು. ಚಿತ್ರನೂ ಸುಳ್ಳು ಹೇಳ್ತದೆ ಅಂತ ಯಾರಿಗೆ ಗೊತ್ತು?"

ಎದುರಿನ ಕಂಬಕ್ಕೆ ಒರಗಿ ಮುಕುಂದಯ್ಯನವರು ನಿಂತಿದ್ದರು. ಒಗೆದ ಪಂಚೆ, ಬಗಲಲ್ಲಿ ಛತ್ರಿ. ನನ್ನ ಕಡೆ ಒಮ್ಮೆ ನೋಡಿದರು.

ಜಟ್ಟಿಂಗಪ್ಪ ರಜೆ ಮೇಲಿದ್ದಾರಂತೆ. ಮುಂದಕ್ಕೆ ಹೋಯಿತು. ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಥೂ!

ಡಿಸೆಂಬರ್ ೨೮

ಎರಡನೇ ವಾಯಿದೆ ನವೆಂಬರಿನಲ್ಲಿ ಆಯಿತು, ಬರೆದಿರಲಿಲ್ಲ. ಕಾಮತರು ಬಂದಿರಲಿಲ್ಲ. ಇವತ್ತು ಮೂರನೆಯದು. ಚುನಾವಣೆ ಬಂದೋಬಸ್ತಿಗೆ ಪೊಲೀಸರೆಲ್ಲ ಹೋಗಿದ್ದಾರೆ. ಮುಂದಕ್ಕೆ.

ಕೆಲಸ ಮೈತುಂಬ. ಪೋಸ್ಟರು, ಕರಪತ್ರ, ಎಲ್ಲ ಪಕ್ಷದ್ದೂ. ನಿದ್ದೆ ಬರುವಷ್ಟು ದುಡಿಯುತ್ತೇನೆ. ಅದೊಂದು ಪುಣ್ಯ.

ಮಾರ್ಚ್ ೨, ೧೯೮೩

ನಾಲ್ಕನೆಯದು. ಮ್ಯಾಜಿಸ್ಟ್ರೇಟರಿಗೆ ವರ್ಗ. ಹೊಸಬರು ಬಂದಿಲ್ಲ.

ಮುಕುಂದಯ್ಯನವರು ಕೋಲು ಹಿಡಿದು ಬಂದಿದ್ದರು.

ಜೂನ್ ೨೧

ಇವತ್ತು ನನ್ನ ಹೆಸರು ಕೂಗಿದರು. ನಿಜವಾಗಿ ಕೂಗಿದರು. ಕಟಕಟೆ ಹತ್ತಿದೆ. ಪ್ರಮಾಣ ಹೇಳಿದೆ. ಸರ್ಕಾರಿ ವಕೀಲರು ಲೇಬಲ್ ತೋರಿಸಿ, "ಇದನ್ನು ಗುರುತಿಸ್ತೀರಾ?" ಅಂದರು.

"ಗುರುತಿಸ್ತೀನಿ."

"ಪರೀಕ್ಷೆ ಮಾಡಿ ಅಭಿಪ್ರಾಯ ಕೊಟ್ಟವರು ನೀವೇ?"

"ಹೌದು."

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಒಳಗೆಲ್ಲ ಕತ್ತಲೆ. ಮಳೆಯ ಸದ್ದಿಗೆ ಮಾತು ಕೇಳುತ್ತಿಲ್ಲ ಅಂತ ಮ್ಯಾಜಿಸ್ಟ್ರೇಟ್ ಸಾಹೇಬರು ಎದ್ದರು. ಉಳಿದದ್ದು ಮುಂದಿನ ವಾಯಿದೆಗೆ.

ಕತ್ತಲೆಯಲ್ಲೂ ಹೇಳಬಹುದಿತ್ತು. ಮ್ಯಾಜಿಸ್ಟ್ರೇಟರು ಏಳುವ ಮೊದಲು ಒಂದು ನಿಮಿಷ ಇತ್ತು. ಒಂದು ನಿಮಿಷವಾದರೂ ಇತ್ತು.

ಆಗಸ್ಟ್ ೧೯

ಇವತ್ತು ಹೇಳಲೇಬೇಕು ಅಂತ ಹೊರಟೆ. ಆಣೆ ಮಾಡಿಕೊಂಡಿದ್ದೆ. ಹೇಳಿಕೆಯನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟಿದ್ದೆ, ಕಟಕಟೆಯಲ್ಲಿ ಬಾಯಿ ಕಟ್ಟಿದರೆ ಓದಿಬಿಡೋಣ ಅಂತ.

ಕೇಸು ಕೂಗಿದರು. ನಾನು ಏಳುವ ಮೊದಲೇ ಮುಕುಂದಯ್ಯನವರ ವಕೀಲರು ಎದ್ದರು. ನಾನೇ ಗೊತ್ತು ಮಾಡಿದ ವಕೀಲರು! ಆರೋಪಿ ತಪ್ಪೊಪ್ಪಿಕೊಳ್ಳುತ್ತಾರೆ ಅಂದರು.

ಸಾಹೇಬರು ಕೇಳಿದರು: "ಯಾರಾದ್ರೂ ಒತ್ತಾಯ ಮಾಡಿದಾರೇನ್ರೀ?"

"ಇಲ್ಲ ಸ್ವಾಮಿ. ವಯಸ್ಸಾಯ್ತು. ಬಸ್ಸಲ್ಲಿ ಓಡಾಡಕ್ಕೆ ಆಗಲ್ಲ. ಒಪ್ಕಂಡೆ."

ನಾನು ಎದ್ದು ನಿಂತೆ. ಪೇದೆ ಭುಜ ಒತ್ತಿ ಕೂರಿಸಿದ. ಕೂತೆ. ದಂಡ, ಮತ್ತೆ ಕೋರ್ಟು ಏಳುವವರೆಗೆ ಶಿಕ್ಷೆ. ಮುದುಕರು ಅಂತ ದಯೆ ತೋರಿಸಿದೆ ಅಂದರು ಸಾಹೇಬರು. ಸಂಜೆವರೆಗೂ ಮೂಲೆಯ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದರು, ಪಕ್ಕದಲ್ಲಿ ಪೇದೆ. ನಾನು ಹೊರಗೆ ಜಗಲಿಯಲ್ಲಿ ಕಾದೆ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅವರ ಛತ್ರಿ ಹಿಡಿದು ನಡೆದೆ. ಹೊಸನಗರದ ಬಸ್ಸು ನಿಂತಿತ್ತು. ಹತ್ತುವ ಮೊದಲು ಕೇಳಿದೆ:

"ಯಾಕೆ ಒಪ್ಕಂಡ್ರಿ ಅಯ್ಯಾ? ಇವತ್ತು ನಾನು..."

"ಐದು ವಾಯಿದೆ ಕಾದೆ ಕಣೋ ವಾಸು" ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಪ್ರತಿ ಸಲ ಮನೇಲಿ ಹೊರಡುವಾಗ, ಇವತ್ತು ಹೇಳ್ತಾನೆ ಅಂದ್ಕಂಡು ಹೊರಡ್ತಿದ್ದೆ. ಆರನೇ ಸಲ ಕಾಯೋ ಶಕ್ತಿ ಇರ್ಲಿಲ್ಲ."

ಜೇಬಿನಲ್ಲಿ ಕಾಗದ ಇತ್ತು. ತೋರಿಸಲಿಲ್ಲ. ಯಾವ ಮುಖದಿಂದ ತೋರಿಸಲಿ?

ಛತ್ರಿ ನನ್ನ ಕೈಯಿಂದ ತಗೊಂಡರು. ಬಸ್ಸು ಹೋಯಿತು.

ಆಗಸ್ಟ್ ೨೨

ಸ್ಟೇಷನ್ನಿಗೆ ಹೋದೆ. ಜಟ್ಟಿಂಗಪ್ಪನವರ ಮುಂದೆ ನಿಂತು ಎಲ್ಲ ಹೇಳಿದೆ. ಮಾರಪ್ಪ, ಬ್ಲಾಕು, ಹಳೇ ಮೊಳೆ, ಕೆರೆ. ಒಂದೇ ಉಸಿರಿಗೆ. ಹೇಳುವುದು ಇಷ್ಟು ಸುಲಭವಿತ್ತಾ!

ಪೂರ್ತಿ ಕೇಳಿದರು. ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೋಡಿ ವಾಸಪ್ಪನವರೇ. ಕೇಸು ಮುಗಿದಿದೆ, ಆರೋಪಿ ಒಪ್ಪಿದಾನೆ. ಈಗ ನೀವು ಬೇರೆ ಕತೆ ತಂದ್ರೆ ನಾನು ತಪ್ಪು ಮನುಷ್ಯನ್ನ ಹಿಡಿದೆ ಅಂತಾಗ್ತದೆ, ಕಂಪನಿ ತಪ್ಪು ಮನುಷ್ಯಂಗೆ ಲೇಬಲ್ ಆರ್ಡರ್ ಕೊಡ್ತು ಅಂತಾಗ್ತದೆ. ಸಾಕ್ಷಿ ಏನಿದೆ? ಮೊಳೆ ಇದೆಯಾ? ಬ್ಲಾಕ್ ಇದೆಯಾ?"

"ನಾನೇ ಹೇಳ್ತಿದೀನಲ್ಲ ಸಾರ್."

"ಹಳೇ ಗುರುಗಳು, ಮನಸ್ಸಿಗೆ ನೋವಾಗಿದೆ. ನನಗೆ ಅರ್ಥ ಆಗ್ತದೆ. ಮನೆಗೆ ಹೋಗಿ."

ಬರೆದುಕೊಳ್ಳಲಿಲ್ಲ. ಅವತ್ತು ನನ್ನ ಸುಳ್ಳನ್ನು ಎಷ್ಟು ಮುತುವರ್ಜಿಯಿಂದ ಬರೆದುಕೊಂಡಿದ್ದರು.

ಕಾಮತರಿಗೂ ಕಾಗದ ಹಾಕಿದೆ. ಲೇಬಲ್ ಕೆಲಸ ಇನ್ನು ಮಾಡಲಾರೆ, ಕಾರಣ ಇಂಥದ್ದು ಅಂತ.

ಸೆಪ್ಟೆಂಬರ್ ೩೦

ಕಾಮತರಿಂದ ಉತ್ತರ ಇಲ್ಲ. ಇಪ್ಪತ್ತು ರೀಮ್ ಕಾಗದದ ಬಂಡಲು ಮಾತ್ರ ಎಂದಿನಂತೆ ಲಾರಿಯಲ್ಲಿ ಬಂದು ಇಳಿಯಿತು. ಹಾಗೇ ವಾಪಸು ಕಳಿಸಿದೆ.

ನವೆಂಬರ್ ೧೩

ಸಂಘದ ವಾರ್ಷಿಕೋತ್ಸವ. ಕಾಮತರೂ ಬಂದಿದ್ದರು. ನಕಲಿ ಮಾಲು ತಡೆದವರಿಗೆ ಸನ್ಮಾನ ಅಂತೆ: ಜಟ್ಟಿಂಗಪ್ಪ ಒಬ್ಬರು, ನಾನೊಬ್ಬ. ಬರುವುದಿಲ್ಲ ಅಂತ ಮೊದಲು ಹೇಳಿದ್ದೆ. ಆಮೇಲೆ ಯೋಚಿಸಿದೆ. ಇಡೀ ಪೇಟೆ ಕೂತಿರುತ್ತದೆ, ಮೈಕು ಇರುತ್ತದೆ. ಇದಕ್ಕಿಂತ ಜಾಗ ಬೇಕಾ!

ಶಾಲು ಹೊದಿಸಲು ಬಂದಾಗ ತಡೆದು ಮೈಕಿನ ಮುಂದೆ ನಿಂತೆ. ಹೇಳಿದೆ. "ನಕಲಿ ಹಂಸಧ್ವಜದ ಲೇಬಲ್ ಅಚ್ಚು ಹಾಕಿದ್ದು ಮುಕುಂದಯ್ಯನವರಲ್ಲ. ನಾನು. ಆ ಹೆಂಗಸಿನ ಕಣ್ಣು ಹಾಳಾಗಿದ್ದರಲ್ಲಿ ನನ್ನ ಕೈ ಇದೆ. ಪೊಲೀಸರಿಗೆ ಸುಳ್ಳು ಹೇಳಿದೆ."

ಕಾಮತರು ಜಟ್ಟಿಂಗಪ್ಪನವರ ಕಡೆ ನೋಡಿದರು. ಜಟ್ಟಿಂಗಪ್ಪ ಪುಟ್ಟಪ್ಪನವರ ಕಿವಿಯಲ್ಲಿ ಏನೋ ಅಂದರು. ಪುಟ್ಟಪ್ಪನವರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ ಮೈಕು ತಮ್ಮ ಕಡೆ ತಿರುಗಿಸಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನೋಡಿ ಬಂಧುಗಳೇ, ಗುರುಭಕ್ತಿ ಅಂದ್ರೆ ಇದು! ಗುರುಗಳಿಗೆ ಬಂದ ಕಳಂಕನ ತನ್ನ ತಲೆ ಮೇಲೆ ಹೊತ್ಕಳ್ಳಕ್ಕೆ ನಿಂತಿದಾರೆ. ಈ ಕಾಲದಲ್ಲಿ ಇಂಥವ್ರು ಎಲ್ಲಿ ಸಿಗ್ತಾರೆ?"

ಚಪ್ಪಾಳೆ! ಎದ್ದು ನಿಂತು ಹೊಡೆದರು. "ಅಲ್ಲ, ಅಲ್ಲ" ಅಂತ ನಾನು ಕೂಗುತ್ತಲೇ ಇದ್ದೆ, ಮೈಕು ಆಚೆಗಿತ್ತು. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಶಾಲು ಹೊದಿಸಿದರು.

ಮನೆಗೆ ಬಂದು ಶಾಲು ಬಾಗಿಲ ಹತ್ತಿರ ಎಸೆದೆ. ದುಗ್ಗಮ್ಮನಿಗೆ ಮೊದಲಿಂದ ಹೇಳಿದೆ. ಎರಡು ವರ್ಷ ಒಂದೇ ಸೂರಿನಡಿ ಇದ್ದು ಹೇಳಿರಲಿಲ್ಲ.

"ನೀನೂ ನಂಬಲ್ಲ ಅಲ್ವಾ?" ಅಂದೆ.

"ಆ ಜನವರಿಲಿ ನಿಮ್ಮ ಅಂಗಿ ತೋಳಿನ ಹಸಿರು ಒಗೆದೋಳು ನಾನು. ಆ ಬಾಟ್ಲಿ ಪೇಟೇಲಿ ನೋಡ್ದಾಗಲೇ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಸುಮ್ಮನಿದ್ದೆ."

ಇವಳೂ ಕಾದಿದ್ದಾಳೆ.

ಶಾಲು ಎತ್ತಿ ಮಡಚುತ್ತ ಅವಳೇ ಅಂದಳು: "ಪೇಟೆಯೋರಿಗೆಲ್ಲ ಹೇಳಿ ಎಂತ ಮಾಡ್ತೀರಿ? ವರದಮ್ಮನೋರಿಗೆ ಹೇಳಿದೀರಾ? ಅವರು ಇವತ್ತಿಗೂ ಕಳ್ಳನ ಹೆಂಡ್ತಿ ಅನ್ನಿಸ್ಕಂಡು ಬಾವಿಕಟ್ಟೆಗೆ ಹೋಗ್ತಾರೆ."

ನವೆಂಬರ್ ೧೪, ಬೆಳಿಗ್ಗೆ ೫-೩೦

ಹೊಸನಗರದ ಮೊದಲ ಬಸ್ಸು ಆರೂಕಾಲಿಗೆ. ದುಗ್ಗಮ್ಮನೂ ಬರುತ್ತೇನೆ ಅಂದಳು. ಬೇಡ ಅಂದೆ. ಆಮೇಲೆ ಬಾ ಅಂದೆ. ಒಳಗೆ ಸೀರೆ ಉಡುತ್ತಿದ್ದಾಳೆ.

ಮುಕುಂದಯ್ಯನವರು ಪ್ರೆಸ್ಸಿನ ಬಾಗಿಲು ತೆಗೆಯುವುದು ಎಂಟೂವರೆಗೆ. ಅಷ್ಟರೊಳಗೆ ಮನೆಗೇ ಹೋಗಬೇಕು. ಅವರ ಎದುರಿಗೇ ವರದಮ್ಮನವರಿಗೆ ಹೇಳಬೇಕು. ಅವರು ಚಪ್ಪಾಳೆ ಹೊಡೆಯುವುದಿಲ್ಲ. ಗುರುಭಕ್ತಿ ಅನ್ನುವುದಿಲ್ಲ. ನಂಬುತ್ತಾರೆ, ಪೂರ್ತಿ ನಂಬುತ್ತಾರೆ. ಹಾಗಾಗಿಯೇ ಕಾಲು ಏಳುತ್ತಿಲ್ಲ.

ಏನಂತ ಶುರು ಮಾಡಲಿ? ಅಮ್ಮಾ, ನೀವು ಅವತ್ತು ನನ್ನ ತಲೆ ಮುಟ್ಟಿ ಒಳ್ಳೇದಾಗ್ಲಿ ಅಂದ್ರಲ್ಲ, ಅವತ್ತೇ ಹೇಳಬೇಕಿತ್ತು.